ಕೊಪ್ಪರಿಗೆಯೊಳಗಿನ ಹಳೆಯ ವಿಜ್ಞಾನ

ಕೋಣೆಯ ನಡುವೆ ದೊಡ್ಡದೊಂದು ಕೊಪ್ಪರಿಗೆ. ಅದರೆದುರು ಹದಿನೇಳರ ಹುಡುಗಿಯೊಬ್ಬಳು ಉದ್ದನೆಯ ಕೋಲು ಹಿಡಿದು ನಿಂತಿದ್ದಾಳೆ. ಬೆಳಗಿನಿಂದ ಅಲೆದು ತಂದ ಸೊಪ್ಪು, ತೊರೆಯ ನೀರು, ಬಂಡೆ ಒಡೆದು ಆರಿಸಿದ ಅದಿರು, ಎಲ್ಲವನ್ನೂ ಒಂದೊಂದಾಗಿ ಒಳಗೆ ಹಾಕಿ ತಿರುವುತ್ತಾಳೆ. ಬಣ್ಣ ತಿರುಗುತ್ತದೆ, ಬೆಳಕು ಚಿಮ್ಮುತ್ತದೆ. ಒಮ್ಮೆ ಕೊಪ್ಪರಿಗೆಯಿಂದ ಲೋಹದ ಗಟ್ಟಿ ಹೊರಬರುತ್ತದೆ, ಇನ್ನೊಮ್ಮೆ ಗಾಯಕ್ಕೆ ಹಚ್ಚುವ ಮದ್ದು, ಮತ್ತೊಮ್ಮೆ ಒಂದು ತುಂಡು ಬಟ್ಟೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾಗುವುದನ್ನು ನೋಡುತ್ತ ನಿಂತವರಿಗೆ ಈ ದೃಶ್ಯದ ಸೆಳೆತ ಏನೆಂದು ವಿವರಿಸಬೇಕಾಗಿಲ್ಲ. ಒಂದು ವಸ್ತು ಕಣ್ಣೆದುರೇ ಇನ್ನೊಂದಾಗುವ ಗಳಿಗೆಯಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸುವ ಶಕ್ತಿಯಿದೆ.

ಇದು 2019ರಲ್ಲಿ ಬಂದ 'ಅಟೆಲಿಯರ್ ರೈಜಾ' ಎಂಬ ಜಪಾನಿನ ವಿಡಿಯೊ ಗೇಮ್‌ನ ದೃಶ್ಯ. ರೈಜಾ ಎಂಬ ರೈತರ ಮಗಳು ತನ್ನ ದ್ವೀಪಕ್ಕೆ ಬಂದ ಅಲೆಮಾರಿ ಪಂಡಿತನೊಬ್ಬನಿಂದ ರಸವಿದ್ಯೆ ಕಲಿಯುವುದು ಇದರ ಕತೆ. ನಾನು ಇದನ್ನು ಕೆಲವು ತಿಂಗಳು ರಾತ್ರಿ ಊಟದ ನಂತರ ಆಡಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನಾದ್ದರಿಂದ, ಇಲ್ಲಿರುವುದು ಬರೀ ಮಾಯಾಜಾಲ ಎಂದುಕೊಂಡೇ ಶುರು ಮಾಡಿದ್ದೆ. ಆದರೆ ಆಡುತ್ತ ಹೋದಂತೆ ಬೇರೆಯೇ ಒಂದು ಸಂಗತಿ ಹೊಳೆಯಿತು. ಈ ಕೊಪ್ಪರಿಗೆಗೆ ತನ್ನದೇ ಆದ ನಿಯಮಗಳಿವೆ. ಆ ನಿಯಮಗಳನ್ನು ಆಟ ತಯಾರಿಸಿದವರು ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. ಅವು ಸಾವಿರಾರು ವರ್ಷ ಅತಿ ಬುದ್ಧಿವಂತರು ನಂಬಿದ್ದ, ಆಮೇಲೆ ವಿಜ್ಞಾನ ಕೈಬಿಟ್ಟ ಒಂದು ಸಿದ್ಧಾಂತವನ್ನು ಬಹಳ ಮಟ್ಟಿಗೆ ಹೋಲುತ್ತವೆ. ಸತ್ತುಹೋದ ಸಿದ್ಧಾಂತವೊಂದರ ಒಳಗೆ ಹೊಕ್ಕು ಬದುಕುವ ಅವಕಾಶ ಪುಸ್ತಕದಲ್ಲಿ ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ.

ಅಟೆಲಿಯರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಕುಶಲಕರ್ಮಿಯ ಕೆಲಸದ ಕೋಣೆ. ಈ ಸರಣಿಯನ್ನು ಕಟ್ಟಿದ್ದು ಗಸ್ಟ್ ಎಂಬ ಸಂಸ್ಥೆ. 1993ರಲ್ಲಿ ಜಪಾನಿನ ನಾಗಾನೊದಲ್ಲಿ ಶುರುವಾದ ಇದು ಈಗ ಕೊಯೆ ಟೆಕ್ಮೊ ಕಂಪನಿಯ ಭಾಗ. ಮೊದಲ ಆಟ 'ಅಟೆಲಿಯರ್ ಮರೀ' 1997ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಆ ಕಾಲದ ಪಾತ್ರಾಭಿನಯದ ಆಟಗಳಲ್ಲಿ ನಾಯಕನೊಬ್ಬ ಕತ್ತಿ ಹಿಡಿದು ಹೊರಟು ಲೋಕವನ್ನು ಕಾಪಾಡುವುದು ವಾಡಿಕೆ. ಮರೀಯ ಜಾಹೀರಾತು ಮಾತ್ರ, ಜಗತ್ತನ್ನು ಉಳಿಸುವ ಕೆಲಸ ಇನ್ನು ಸಾಕು ಎಂಬ ಅರ್ಥದ ಮಾತಿನಿಂದ ಗಮನ ಸೆಳೆಯಿತು. ಇಲ್ಲಿನ ನಾಯಕಿ ವಿದ್ಯಾಲಯದಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಪಡೆದ ಹುಡುಗಿ. ಅವಳ ಗುರು ಒಂದು ಕೆಲಸದ ಕೋಣೆಯನ್ನೂ ಐದು ವರ್ಷದ ಗಡುವನ್ನೂ ಕೊಟ್ಟು, ಅಷ್ಟರೊಳಗೆ ನಾನು ಒಪ್ಪುವಂಥ ವಸ್ತುವೊಂದನ್ನು ಮಾಡಿ ತೋರಿಸು ಎನ್ನುತ್ತಾಳೆ. ಕತೆಯೆಲ್ಲ ಇಷ್ಟೇ. ಏನನ್ನಾದರೂ ಮಾಡಲು ಕಲಿಯುವುದೇ ಸಾಹಸ. ಕಾಡಿನಲ್ಲಿ ರಾಕ್ಷಸರು ಎದುರಾಗುತ್ತಾರೆ, ಕಾಳಗವೂ ಇದೆ. ಆದರೆ ಕಾಡಿಗೆ ಹೋಗುವುದು ಸೊಪ್ಪು ತರಲು, ಗೆಲ್ಲುವುದು ಮನೆಯಲ್ಲಿ ಕೂತು ಮಾಡಿದ ಸಾಮಗ್ರಿಯ ಬಲದಿಂದ.

ಸರಣಿಯ ನಾಯಕರಲ್ಲಿ ಹೆಚ್ಚಿನವರು ಹುಡುಗಿಯರು. ಇದು ರಸವಿದ್ಯೆಯ ಇತಿಹಾಸಕ್ಕೆ ದೂರದ ಮಾತೇನಲ್ಲ. ಪಾಶ್ಚಾತ್ಯ ರಸವಿದ್ಯೆಯಲ್ಲಿ ನಮಗೆ ಸಿಗುವ ಅತಿ ಹಳೆಯ ಹೆಸರುಗಳಲ್ಲಿ ಮರಿಯಾ ಎಂಬ ಯಹೂದಿ ಮಹಿಳೆಯದೂ ಒಂದು. ಕ್ರಿ.ಶ. 300ರ ಸುಮಾರಿನಲ್ಲಿ ಈಜಿಪ್ಟಿನಲ್ಲಿದ್ದ ಜೋಸಿಮಸ್ ಎಂಬ ರಸವಾದಿ ತನಗಿಂತ ಹಿಂದಿನ ಆಕೆಯನ್ನು ಗೌರವದಿಂದ ನೆನೆಯುತ್ತಾನೆ. ಬಟ್ಟಿ ಇಳಿಸುವ, ಕಾಯಿಸುವ ಸಲಕರಣೆಗಳನ್ನು ಆಕೆಯ ಹೆಸರಿನೊಂದಿಗೆ ವಿವರಿಸುತ್ತಾನೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಹದವಾಗಿ ಕಾಯಿಸುವ ಕ್ರಮವನ್ನು ಯುರೋಪಿನ ಅಡುಗೆಮನೆಗಳಲ್ಲಿ ಇವತ್ತಿಗೂ 'ಮರೀಯ ಸ್ನಾನ' ಎಂಬ ಅರ್ಥದ ಫ್ರೆಂಚ್ ಹೆಸರಿನಿಂದಲೇ ಕರೆಯುತ್ತಾರೆ. ಪ್ರಯೋಗಶಾಲೆಯ ಅಜ್ಜಿ ಅಡುಗೆಮನೆಯಲ್ಲಿ ಉಳಿದುಕೊಂಡಿದ್ದಾಳೆ.

ಈಗ ಕೊಪ್ಪರಿಗೆಯ ನಿಯಮಗಳಿಗೆ ಬರೋಣ. ರೈಜಾ ಒಂದು ವಸ್ತುವನ್ನು ಮಾಡಬೇಕಾದರೆ ಅವಳ ಬಳಿ ಅದರ ರೆಸಿಪಿ ಇರಬೇಕು. ಈ ರೆಸಿಪಿಗಳ ವಿಶೇಷವೆಂದರೆ ಅವು ಎಷ್ಟೋ ಕಡೆ ಇಂಥದೇ ಪದಾರ್ಥ ಬೇಕೆಂದು ಹಟ ಹಿಡಿಯುವುದಿಲ್ಲ. 'ಯಾವುದಾದರೂ ಸಸ್ಯ', 'ಯಾವುದಾದರೂ ನೀರು', 'ಯಾವುದಾದರೂ ಅದಿರು' ಎಂದು ವರ್ಗವನ್ನಷ್ಟೇ ಹೇಳುತ್ತವೆ. ಬೇಲಿಯ ಪಕ್ಕದ ಕಳೆಯೂ ಸಸ್ಯ, ಬೆಟ್ಟದ ತುದಿಯ ಅಪರೂಪದ ಹೂವೂ ಸಸ್ಯ. ಆಯ್ಕೆ ನಮ್ಮದು. ಪ್ರತಿ ಪದಾರ್ಥಕ್ಕೂ ಬೆಂಕಿ, ಹಿಮ, ಮಿಂಚು, ಗಾಳಿ ಎಂಬ ನಾಲ್ಕು ತತ್ತ್ವಗಳಲ್ಲಿ ಒಂದೋ ಹೆಚ್ಚೋ ಇರುತ್ತವೆ. ರೆಸಿಪಿಯು ಒಂದಕ್ಕೊಂದು ಜೋಡಿಸಿದ ಬಳೆಗಳ ಹಾಗೆ ತೆರೆಯ ಮೇಲೆ ಹರಡಿಕೊಳ್ಳುತ್ತದೆ. ಸರಿಯಾದ ತತ್ತ್ವದ ಪದಾರ್ಥ ಹಾಕಿದಂತೆ ಒಂದೊಂದು ಬಳೆ ತುಂಬಿ ಮುಂದಿನದಕ್ಕೆ ದಾರಿ ಬಿಡುತ್ತದೆ. ಇದರ ಜೊತೆಗೆ ಪ್ರತಿ ಪದಾರ್ಥಕ್ಕೆ ಒಂದು ಗುಣಮಟ್ಟದ ಅಂಕೆ, ಮತ್ತು ಕೆಲವು ಗುಣಲಕ್ಷಣಗಳು. ಮುಖ್ಯವಾದ ನಿಯಮ ಇದು: ಪದಾರ್ಥದಲ್ಲಿರುವ ಗುಣಲಕ್ಷಣವನ್ನು ಅದರಿಂದ ಆದ ವಸ್ತುವಿಗೆ ದಾಟಿಸಬಹುದು. ಆ ವಸ್ತುವಿನಿಂದ ಇನ್ನೊಂದನ್ನು ಮಾಡಿದರೆ ಅದಕ್ಕೂ ದಾಟಿಸಬಹುದು. ಎಲ್ಲೋ ಹೊಳೆದಂಡೆಯಲ್ಲಿ ಸಿಕ್ಕ ಸೊಪ್ಪಿನ ಒಂದು ಒಳ್ಳೆಯ ಗುಣ ಐದಾರು ಕೈ ದಾಟಿ ಕೊನೆಗೆ ಗೆಳೆಯನ ಕತ್ತಿಯ ಅಲಗಿಗೆ ಬಂದು ಕೂರುತ್ತದೆ.

ಇದನ್ನು ಮೊದಲ ಸಲ ಸಾಧಿಸಿದ ರಾತ್ರಿ ನನಗಾದ ಸಂತೋಷ ದೊಡ್ಡದು. ಆ ಸಂತೋಷದ ನಡುವೆಯೇ ಅರಿಸ್ಟಾಟಲ್ ನೆನಪಾದ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲ್ ಪ್ರಕಾರ ಭೂಮಿಯ ಮೇಲಿನ ಎಲ್ಲ ವಸ್ತುಗಳೂ ನಾಲ್ಕು ಮೂಲತತ್ತ್ವಗಳಿಂದ ಆದವು, ಆ ತತ್ತ್ವಗಳ ಬೆನ್ನಿಗೆ ಬಿಸಿ, ತಂಪು, ಹಸಿ, ಒಣ ಎಂಬ ನಾಲ್ಕು ಗುಣಗಳಿವೆ. ಬೆಂಕಿ ಬಿಸಿ ಮತ್ತು ಒಣ. ನೀರು ತಂಪು ಮತ್ತು ಹಸಿ. ಗಾಳಿ ಬಿಸಿ ಮತ್ತು ಹಸಿ. ನೀರಿನ ತಂಪನ್ನು ತೆಗೆದು ಅಲ್ಲಿ ಬಿಸಿಯನ್ನು ಇಟ್ಟರೆ ಅದು ಗಾಳಿಯಂಥದ್ದಾಗಬೇಕು. ಒಲೆಯ ಮೇಲಿನ ಪಾತ್ರೆಯಲ್ಲಿ ಆಗುವುದೂ ಅದೇ ತಾನೆ? ಎಂಟನೆಯ ಶತಮಾನದ ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಉಳಿದಿರುವ ಅರಬ್ಬಿ ಗ್ರಂಥಗಳು ಈ ವಿಚಾರವನ್ನು ಲೋಹಗಳಿಗೆ ವಿಸ್ತರಿಸಿದವು. ಎಲ್ಲ ಲೋಹಗಳಲ್ಲೂ ಗಂಧಕದ ತತ್ತ್ವ ಮತ್ತು ಪಾದರಸದ ತತ್ತ್ವ ಬೇರೆ ಬೇರೆ ಪ್ರಮಾಣದಲ್ಲಿ, ಬೇರೆ ಬೇರೆ ಶುದ್ಧಿಯಲ್ಲಿ ಕೂಡಿಕೊಂಡಿವೆ. ಆ ಪ್ರಮಾಣವನ್ನು ಸರಿಪಡಿಸಿದರೆ ಸೀಸವೂ ಚಿನ್ನವಾದೀತು ಎಂಬುದು ಅವುಗಳ ತರ್ಕ. ಸುಮಾರು ಸಾವಿರ ವರ್ಷ ಈ ತರ್ಕ ನಿಂತಿತು. ಐಸಾಕ್ ನ್ಯೂಟನ್ ಕೂಡ ರಸವಿದ್ಯೆಯ ಬಗ್ಗೆ ಸುಮಾರು ಹತ್ತು ಲಕ್ಷ ಪದಗಳಷ್ಟು ಟಿಪ್ಪಣಿಗಳನ್ನು ಬರೆದಿಟ್ಟಿದ್ದ.

ಶಾಲೆಯಲ್ಲಿ ಇದನ್ನು ನಮಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಹಿಂದಿನವರು ಸೀಸವನ್ನು ಚಿನ್ನ ಮಾಡಲು ಹೊರಟಿದ್ದರು, ಆಗಲಿಲ್ಲ. ಕೇಳಿದವರಿಗೆ ಅವರೆಲ್ಲ ಆಸೆಬುರುಕರು ಎನಿಸುತ್ತದೆ. ಆದರೆ ಅವರ ಕಣ್ಣಿಗೆ ಬಿದ್ದ ಸಾಕ್ಷ್ಯವನ್ನು ನೋಡಿ. ಸೀಸದ ಅದಿರಿನಲ್ಲಿ ಹಲವು ಸಲ ಸ್ವಲ್ಪ ಬೆಳ್ಳಿಯೂ ಸೇರಿರುತ್ತದೆ. ಅಂಥ ಸೀಸವನ್ನು ಗಾಳಿಯಲ್ಲಿ ಬಹಳ ಹೊತ್ತು ಕಾಯಿಸಿದರೆ ಸೀಸವೆಲ್ಲ ಆಕ್ಸೈಡ್ ಆಗಿ ಸರಿದುಹೋಗಿ ತಳದಲ್ಲಿ ಬೆಳ್ಳಿಯ ಪುಟ್ಟ ಮಣಿ ಉಳಿಯುತ್ತದೆ. ನೋಡಿದವರಿಗೆ ಸೀಸ ಬೆಳ್ಳಿಯಾಯಿತು. ಇನ್ನೊಂದು ಸಾಕ್ಷ್ಯ ನಮ್ಮ ಅಡಿಕೆ ತೋಟದವರಿಗೆ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುತ್ತಾರೆ. ಮೈಲುತುತ್ತದ ನೀಲಿ ನೀರಿನಲ್ಲಿ ಕಬ್ಬಿಣದ ಮೊಳೆ ಹಾಕಿಟ್ಟರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣ ಕರಗಿ ನೀರಿಗಿಳಿದು, ನೀರಿನಲ್ಲಿದ್ದ ತಾಮ್ರ ಹೊರಬಂದದ್ದು ಇದು ಎಂದು ನಾವು ಇಂದು ಬಲ್ಲೆವು. ಪರಮಾಣುವಿನ ಕಲ್ಪನೆ ಇಲ್ಲದ ಕಾಲದಲ್ಲಿ ಇದೇ ದೃಶ್ಯ ನೋಡಿದವನು, ಕಬ್ಬಿಣ ತಾಮ್ರವಾಯಿತು ಎನ್ನದೆ ಬೇರೇನು ಅಂದಾನು?

ಆಟ ನನಗೆ ಕೊಟ್ಟದ್ದು ಈ ಅರಿವನ್ನು. ಗುಣಗಳೇ ನಿಜವಾದ ಸರಕು, ಪದಾರ್ಥ ಅವುಗಳನ್ನು ಹೊತ್ತು ತರುವ ಚೀಲ ಎಂಬ ಜಗತ್ತಿನಲ್ಲಿ ಐವತ್ತು ಗಂಟೆ ಕಳೆದರೆ, ಆ ನೋಟ ಎಷ್ಟು ಸಹಜ ಎನ್ನುವುದು ಮೈಗೇ ಹತ್ತುತ್ತದೆ. ಒಂದು ಹೂವನ್ನು ಕಂಡರೆ ಅದರ ಹೆಸರಿಗಿಂತ ಮೊದಲು ಅದು ಯಾವ ಗುಣ ಕೊಟ್ಟೀತು ಎಂದು ಮನಸ್ಸು ಕೇಳತೊಡಗುತ್ತದೆ. ಜಾಬಿರನ ಓದುಗರು ಜಗತ್ತನ್ನು ನೋಡಿದ್ದೂ ಹಾಗೆಯೇ ಇರಬೇಕು.

ಹಾಗಾದರೆ ಆ ಸಿದ್ಧಾಂತ ಸೋತದ್ದು ಎಲ್ಲಿ? ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ. ಸೋಡಿಯಂ ಬೆಣ್ಣೆಯಂತೆ ಚಾಕುವಿಗೆ ಕತ್ತರಿಸಿ ಬರುವ ಲೋಹ; ನೀರಿಗೆ ಬಿದ್ದರೆ ಸಿಡಿದು ಉರಿಯುತ್ತದೆ. ಕ್ಲೋರಿನ್ ಹಳದಿ ಮಿಶ್ರಿತ ಹಸಿರು ಬಣ್ಣದ ವಿಷಾನಿಲ. ಮೊದಲ ಮಹಾಯುದ್ಧದಲ್ಲಿ ಅದನ್ನು ಸೈನಿಕರ ಮೇಲೆ ಬಿಟ್ಟಿದ್ದರು. ರೈಜಾಳ ಕೊಪ್ಪರಿಗೆಗೆ ಇವೆರಡನ್ನೂ ಹಾಕಿದರೆ ಸಿಡಿಯುವ ಗುಣ ಮತ್ತು ವಿಷದ ಗುಣ ಎರಡನ್ನೂ ಹೊತ್ತ ಭಯಂಕರ ಅಸ್ತ್ರ ಹೊರಬರಬೇಕು. ನಮ್ಮ ಜಗತ್ತಿನಲ್ಲಿ ಇವೆರಡು ಕೂಡಿದರೆ ಆಗುವುದು ಊಟದ ಉಪ್ಪು. ಸಿಡಿತವೂ ಇಲ್ಲ, ವಿಷವೂ ಇಲ್ಲ. ತಂದೆತಾಯಿಯರ ಯಾವ ಚಹರೆಯೂ ಇಲ್ಲದ ಮಗು. ಸೋಡಿಯಂ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬಿಟ್ಟುಕೊಟ್ಟ ಕೂಡಲೇ ಎರಡರ ಸ್ವಭಾವವೂ ಬದಲಾಯಿತು. ಗುಣವೆಂಬುದು ಪದಾರ್ಥದ ಮೇಲೆ ಅಂಟಿಸಿದ ಚೀಟಿಯಲ್ಲ, ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲಾಗದು. ಪರಮಾಣುಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ, ಎಲೆಕ್ಟ್ರಾನುಗಳನ್ನು ಹೇಗೆ ಹಂಚಿಕೊಂಡಿವೆ ಎನ್ನುವುದರಿಂದ ಅದು ಹುಟ್ಟುತ್ತದೆ; ಆ ಜೋಡಣೆ ಕದಲಿದರೆ ಗುಣವೂ ಹೋಗುತ್ತದೆ. ರಸವಿದ್ಯೆಗೂ ರಸಾಯನಶಾಸ್ತ್ರಕ್ಕೂ ನಡುವಿನ ಗೆರೆ ನನಗೆ ಕಾಣುವುದು ಇಲ್ಲಿ.

ಹಾಗೆಂದು ಆಟವನ್ನು ತಪ್ಪು ಎಂದು ಬದಿಗಿಡಲು ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ಅದರ ಉಳಿದ ನಿಯಮಗಳಲ್ಲಿ ಕೆಲವು ಆಶ್ಚರ್ಯವಾಗುವಷ್ಟು ಸರಿಯಾಗಿವೆ. 'ಯಾವುದಾದರೂ ಸಸ್ಯ' ಎಂಬ ವರ್ಗದ ಮಾತನ್ನೇ ತೆಗೆದುಕೊಳ್ಳಿ. ಸಾವಯವ ರಸಾಯನಶಾಸ್ತ್ರ ನಿಂತಿರುವುದೇ ಇಂಥ ವರ್ಗಗಳ ಮೇಲೆ. ಒಂದು ಆಮ್ಲ, ಒಂದು ಆಲ್ಕೊಹಾಲ್, ತುಸು ಗಂಧಕಾಮ್ಲ, ಕಾಯಿಸಲು ಬಿಸಿ. ಇಷ್ಟಿದ್ದರೆ ಎಸ್ಟರ್ ಎಂಬ ಜಾತಿಯ ವಸ್ತು ಸಿಗುತ್ತದೆ. 1895ರಲ್ಲಿ ಎಮಿಲ್ ಫಿಶರ್ ಮತ್ತು ಆರ್ಥರ್ ಸ್ಪೀಯರ್ ವಿವರಿಸಿದ ರೆಸಿಪಿ ಇದು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಐಸೊಅಮೈಲ್ ಆಲ್ಕೊಹಾಲ್ ಸೇರಿಸಿದರೆ ಬಾಳೆಹಣ್ಣಿನ ಪರಿಮಳ. ಸ್ಯಾಲಿಸಿಲಿಕ್ ಆಮ್ಲಕ್ಕೆ ಮೆಥನಾಲ್ ಸೇರಿಸಿದರೆ ಬೆನ್ನುನೋವಿಗೆ ತಿಕ್ಕುವ ಮುಲಾಮಿನ ವಾಸನೆ. ರೆಸಿಪಿ ಅದೇ, ಹಾಕಿದ ಪದಾರ್ಥ ಬೇರೆ, ಬಂದ ಪರಿಮಳ ಬೇರೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ವಾಸನೆಗಳು ಕೋಣೆ ತುಂಬಿದಾಗ ಆದ ಬೆರಗು, ಕೊಪ್ಪರಿಗೆಯ ಮುಂದೆ ಮರಳಿ ಬಂತು.

ಕೊಯ್ಲಿನ ನಿಯಮವೂ ಹಾಗೆಯೇ. ರೈಜಾ ಒಂದೇ ಮರವನ್ನು ಕೋಲಿನಿಂದ ಬಡಿದರೆ ಒಂದು ಬಗೆಯ ಪದಾರ್ಥ ಉದುರುತ್ತದೆ, ಕೊಡಲಿ ಹಾಕಿದರೆ ಇನ್ನೊಂದು, ಕುಡುಗೋಲಿನಿಂದ ಸವರಿದರೆ ಮತ್ತೊಂದು. ನಮ್ಮ ಜಗತ್ತಿನಲ್ಲೂ ಬೇವಿನ ಎಲೆಯನ್ನು ನೀರಿನಲ್ಲಿ ಕುದಿಸಿದರೆ ಸಿಗುವುದೇ ಬೇರೆ, ಬೀಜವನ್ನು ಗಾಣಕ್ಕೆ ಹಾಕಿದರೆ ಸಿಗುವುದೇ ಬೇರೆ. ನೀರು, ಎಣ್ಣೆ, ಸಾರಾಯಿ ಇವು ಒಂದೇ ಗಿಡದಿಂದ ತಮತಮಗೆ ಒಗ್ಗುವ ಅಣುಗಳನ್ನಷ್ಟೇ ಎಳೆದುಕೊಳ್ಳುತ್ತವೆ. ಪ್ರಕೃತಿ ಏನು ಕೊಡುತ್ತದೆ ಎನ್ನುವುದು ನಾವು ಯಾವ ಸಲಕರಣೆ ಹಿಡಿದು ಹೋದೆವು ಎನ್ನುವುದರ ಮೇಲೂ ನಿಂತಿದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದದ್ದು ಜಾಗದ ನಿಯಮ. ಆಟದಲ್ಲಿ ಒಂದೇ ಹೆಸರಿನ ಅದಿರು ಒಂದು ಗುಹೆಯಲ್ಲಿ ಒಂದು ಗುಣ, ಇನ್ನೊಂದು ಗುಹೆಯಲ್ಲಿ ಇನ್ನೊಂದು ಗುಣ ಹೊತ್ತಿರುತ್ತದೆ. ಇದಕ್ಕೆ ಸಾಟಿಯಾದ ನಿಜ ಪ್ರಸಂಗವೊಂದಿದೆ. ಅಮೆರಿಕದ ಲಾರೆನ್ಸ್ ಪ್ರಿನ್ಸಿಪೆ ರಸಾಯನಶಾಸ್ತ್ರಜ್ಞರೂ ಹೌದು, ವಿಜ್ಞಾನದ ಇತಿಹಾಸಕಾರರೂ ಹೌದು. ಹಳೆಯ ರಸವಾದಿಗಳ ರೆಸಿಪಿಗಳನ್ನು ಇಂದಿನ ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದವರು ಅವರು. ಬೆಸಿಲ್ ವ್ಯಾಲೆಂಟೈನ್ ಎಂಬ ಹೆಸರಿನಲ್ಲಿ ಪ್ರಕಟವಾದ ಬರಹವೊಂದು ಆಂಟಿಮನಿಯ ಅದಿರನ್ನು ಹುರಿದು, ಕರಗಿಸಿ, ಎರಕ ಹೊಯ್ದರೆ ಪಾರದರ್ಶಕವಾದ ಹಳದಿ ಗಾಜು ಸಿಗುತ್ತದೆ ಎನ್ನುತ್ತದೆ. ಶುದ್ಧ ಆಂಟಿಮನಿ ಸಲ್ಫೈಡ್ ತೆಗೆದುಕೊಂಡು ಪ್ರಿನ್ಸಿಪೆ ಮತ್ತೆ ಮತ್ತೆ ಪ್ರಯತ್ನಿಸಿದರು. ಬಂದದ್ದು ಬೂದುಬಣ್ಣದ ಮುದ್ದೆ. ಆಮೇಲೆ ಪೂರ್ವ ಯುರೋಪಿನಿಂದ ಬಂದ ಅದಿರನ್ನು ಬಳಸಿದಾಗ ಹಳದಿ ಗಾಜು ಬಂದೇ ಬಂತು. ಕಾರಣ ಹುಡುಕಿದರೆ, ಆ ಅದಿರಿನಲ್ಲಿ ತೀರ ಸ್ವಲ್ಪ ಬೆಣಚುಕಲ್ಲು ಸೇರಿಕೊಂಡಿತ್ತು. ಗಾಜು ಕಟ್ಟಿಕೊಳ್ಳಲು ಆ ಸಿಲಿಕಾವೇ ಬೇಕಿತ್ತು. ಹಳೆಯ ರಸವಾದಿ ಸುಳ್ಳು ಬರೆದಿರಲಿಲ್ಲ. ಅವನ ನೆಲದ ಅದಿರು ಅವನಿಗೇ ತಿಳಿಯದ ಗುಣವೊಂದನ್ನು ಕೊಪ್ಪರಿಗೆಗೆ ದಾಟಿಸಿತ್ತು.

ಇದನ್ನು ಓದಿದಾಗ ನನಗೆ ಬೀದರ್ ಕಣ್ಣಮುಂದೆ ಬಂತು. ಬಿದರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರ ಮೇಲೆ ಗೆರೆ ಕೊರೆದು ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಸೇರಿಸಿದ ದ್ರಾವಣ ಬಳಸಿದರೆ ಮಿಶ್ರಲೋಹ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ನಾಲಿಗೆಗೆ ಸಿಗುವುದು ಆ ಮಣ್ಣಿನ ಲವಣದ ರುಚಿ. ಒಂದು ಜಾಗದ ಮಣ್ಣಿಗೆ ಒಂದು ಗುಣ ಎಂಬ ಮಾತು ಅಲ್ಲಿ ಕೈಕಸುಬಿನ ದಿನನಿತ್ಯದ ಅನುಭವ. ಗುಣ ದಾಟುತ್ತದೆ ಎಂದ ಹಿಂದಿನವರು ಬರೀ ಭ್ರಮೆಯಲ್ಲಿರಲಿಲ್ಲ. ದಾಟುವುದು ಗುಣವಲ್ಲ, ಕಣ್ಣಿಗೆ ಕಾಣದ ಇನ್ನೊಂದು ವಸ್ತು ಎಂಬುದಷ್ಟೇ ಅವರಿಗೆ ಸಿಗದ ಸಂಗತಿ.

ಅದು ಸಿಕ್ಕಿದ್ದು ತಕ್ಕಡಿಯಿಂದ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಆಂಟ್ವಾನ್ ಲಾವಾಸಿಯೆ ತನ್ನ ಪ್ರಯೋಗದ ಪಾತ್ರೆಗಳನ್ನು ಮುಚ್ಚಿ, ಒಳಗೆ ಹೋದದ್ದನ್ನೂ ಹೊರಬಂದದ್ದನ್ನೂ ತೂಗಿದ. ಗಾಳಿಯನ್ನೂ ತೂಗಿದ. ವಸ್ತು ರೂಪ ಬದಲಿಸೀತು, ಒಟ್ಟು ತೂಕ ಬದಲಾಗದು. 1789ರಲ್ಲಿ ಬಂದ ಅವನ ಗ್ರಂಥಕ್ಕೆ ಸಲಕರಣೆಗಳ ಚಿತ್ರಫಲಕಗಳನ್ನು ಬರೆದುಕೊಟ್ಟವಳು ಹೆಂಡತಿ ಮರೀ ಆನ್. ಆ ಚಿತ್ರಗಳ ನಿಖರತೆಯಿಂದಾಗಿ ಬೇರೆಯವರೂ ಆ ಪ್ರಯೋಗಗಳನ್ನು ಮಾಡಿ ನೋಡಲು ದಾರಿಯಾಯಿತು. ರಸವಾದಿಗಳು ಗುಟ್ಟಿನ ಸಂಕೇತಗಳಲ್ಲಿ, ಸಿಂಹ ಮತ್ತು ಹಾವುಗಳ ಚಿತ್ರಗಳಲ್ಲಿ ಬಚ್ಚಿಟ್ಟ ವಿದ್ಯೆ ಅಳತೆಯ ಚಿತ್ರವಾಗಿ ಬಯಲಿಗೆ ಬಂತು.

ರೈಜಾಳ ಕೋಣೆಯಲ್ಲಿ ತಕ್ಕಡಿಯಿಲ್ಲ. ಅಲ್ಲಿ ತೂಕದ ಲೆಕ್ಕ ಯಾರೂ ಕೇಳುವುದಿಲ್ಲ. ಹಾಕಿದ್ದಕ್ಕಿಂತ ಹೆಚ್ಚು ಬಂದೀತು, ಬೇಡದ ವಸ್ತುಗಳನ್ನು ಕರಗಿಸಿ ರತ್ನವಾಗಿಸಿ ಆ ರತ್ನದಿಂದ ಬೇಕಾದ ವಸ್ತುವಿನ ಪ್ರತಿಯನ್ನೂ ಪಡೆಯಬಹುದು. ಕಸವಿಲ್ಲ, ಹೊಗೆಯಿಲ್ಲ, ತಳ ಹತ್ತುವುದಿಲ್ಲ. 1997ರ ಮರೀ ಈ ವಿಷಯದಲ್ಲಿ ಹೆಚ್ಚು ನಿಷ್ಠುರವಾಗಿತ್ತು. ಅಲ್ಲಿ ಒಂದೊಂದು ವಸ್ತು ಮಾಡಲು ದಿನಗಳೇ ಬೇಕು. ಕಲಬತ್ತಿನಂಥ ಸಲಕರಣೆಯನ್ನು ಮೊದಲು ಹೊಂದಿಸಿಕೊಳ್ಳಬೇಕು. ಹುಡುಗಿ ದಣಿಯುತ್ತಾಳೆ, ದಣಿದರೆ ಕೆಲಸ ಕೆಡುತ್ತದೆ, ಕ್ಯಾಲೆಂಡರ್ ಮಾತ್ರ ಓಡುತ್ತಲೇ ಇರುತ್ತದೆ. ರೈಜಾ ಕೈಗೆ ಸುಖವಾದ ಆಟ, ನೋಡಲು ಸುಂದರ. ಆದರೆ ಕೆಡುವ ಭಯ ಹೋದಲ್ಲಿ ಮಾಡುವ ಗೌರವವೂ ಸ್ವಲ್ಪ ತಗ್ಗುತ್ತದೆ ಎಂದು ನನಗೆ ಅನಿಸಿದೆ. ಒಲೆಯ ಮುಂದೆ ನಿಂತ ಯಾರನ್ನೇ ಕೇಳಿ, ಪಾಕದ ಹದ ಕಲಿತದ್ದು ಪಾಕ ಕೆಟ್ಟ ದಿನಗಳಲ್ಲಿಯೇ ಎನ್ನುತ್ತಾರೆ.

ಆಟ ಕಲಿಸುವ ಇನ್ನೊಂದು ಅಭ್ಯಾಸ ಮಾತ್ರ ಅಪ್ಪಟ ರಸಾಯನಶಾಸ್ತ್ರದ್ದು: ಗುರಿಯಿಂದ ಹಿಂದಕ್ಕೆ ಯೋಚಿಸುವುದು. ನನಗೆ ಬೇಕಾದದ್ದು ಒಂದು ಗಟ್ಟಿ ಕವಚ. ಅದಕ್ಕೆ ಇಂಥ ಬಟ್ಟೆ ಬೇಕು. ಬಟ್ಟೆಗೆ ಇಂಥ ನೂಲು, ನೂಲಿಗೆ ಇಂಥ ನಾರು, ನಾರಿನಲ್ಲಿ ಇಂಥ ಗುಣ. ಆ ನಾರು ಸಿಗುವುದು ಯಾವ ದಿಬ್ಬದಲ್ಲಿ, ಯಾವ ಸಲಕರಣೆಯಿಂದ? ಹೀಗೆ ಹಿಂದೆ ಹಿಂದೆ ಹೋಗಿ, ಕೊನೆಗೆ ಬುತ್ತಿ ಕಟ್ಟಿಕೊಂಡು ಹೊರಡುವುದು. ಅಮೆರಿಕದ ರಸಾಯನಶಾಸ್ತ್ರಜ್ಞ ಎಲಿಯಾಸ್ ಜೇಮ್ಸ್ ಕೋರಿ ಅಣುಗಳನ್ನು ಕಟ್ಟುವ ವಿದ್ಯೆಗೆ ಇದೇ ಕ್ರಮವನ್ನು ಶಾಸ್ತ್ರವಾಗಿ ರೂಪಿಸಿದರು. ಬೇಕಾದ ಅಣುವಿನ ಚಿತ್ರ ಬರೆದುಕೊಂಡು, ಅದರ ಯಾವ ಬಂಧವನ್ನು ಮನಸ್ಸಿನಲ್ಲಿ ಕಡಿದರೆ ಸರಳವಾದ ಎರಡು ತುಂಡುಗಳಾಗುತ್ತವೆ, ಆ ತುಂಡುಗಳನ್ನು ಮತ್ತೆ ಹೇಗೆ ಕಡಿಯಬಹುದು ಎಂದು ಹಿಂದಕ್ಕೆ ನಡೆಯುತ್ತ ಅಂಗಡಿಯಲ್ಲಿ ಸಿಗುವ ಪದಾರ್ಥದವರೆಗೆ ಬರುವುದು. 1960ರ ದಶಕದ ಕೊನೆಯಲ್ಲೇ ಅವರು ಹೀಗೆ ಹಿಂದಕ್ಕೆ ನಡೆಯುವ ಯೋಚನೆಯನ್ನು ಕಂಪ್ಯೂಟರಿಗೆ ಕಲಿಸಲು ತೊಡಗಿದ್ದರು. 1990ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಇಂದು ಎಷ್ಟೋ ಔಷಧಿಗಳ ಅಣುಗಳನ್ನು ಕಟ್ಟುವ ಮಾರ್ಗವನ್ನು ಯೋಜಿಸುವುದು ಹೀಗೆಯೇ.

ಒಂದು ಕಹಿ ಲೆಕ್ಕ ಮಾತ್ರ ಆಟದಲ್ಲಿಲ್ಲ. ಪ್ರಯೋಗಶಾಲೆಯ ಒಂದು ಹಂತದಲ್ಲಿ ನೂರಕ್ಕೆ 90ರಷ್ಟು ಫಲ ಸಿಕ್ಕಿದರೆ ಅದು ಬಹಳ ಒಳ್ಳೆಯ ಫಲ. ಅಂಥ ಹತ್ತು ಹಂತಗಳನ್ನು ದಾಟಿದರೆ ಕೊನೆಗೆ ಉಳಿಯುವುದು ನೂರಕ್ಕೆ ಸುಮಾರು 35. ಪ್ರತಿ ಮೆಟ್ಟಿಲೂ ತನ್ನ ಸುಂಕ ಕಿತ್ತುಕೊಳ್ಳುತ್ತದೆ. ರೈಜಾಳ ಲೋಕದಲ್ಲಿ ಇದು ತಿರುಗುಮುರುಗು. ಒಂದು ವಸ್ತುವಿನಿಂದ ಇನ್ನೊಂದು, ಆ ಇನ್ನೊಂದರಿಂದ ಮತ್ತೆ ಮೊದಲಿನದು, ಹೀಗೆ ಸುತ್ತು ಹಾಕುತ್ತಲೇ ಗುಣಮಟ್ಟವನ್ನು ಮೇಲೇರಿಸುವುದು ಪಳಗಿದ ಆಟಗಾರರ ನೆಚ್ಚಿನ ವಿಧಾನ. ಸುತ್ತು ಹೆಚ್ಚಿದಂತೆ ಅಂಕೆ 999ರ ಕಡೆಗೆ ಏರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಶುದ್ಧಿಗಾಗಿ ಮತ್ತೆ ಮತ್ತೆ ಸಂಸ್ಕರಿಸುವುದು ನಮ್ಮ ಜಗತ್ತಿನಲ್ಲೂ ಇದೆ. ಆದರೆ ಇಲ್ಲಿ ಶುದ್ಧಿ ಏರಿದಂತೆ ರಾಶಿ ಕರಗುತ್ತದೆ.

ಈ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಪ್ಯಾರಿಸ್ಸಿನ ಒಂದು ಹಳೆಯ ಕೊಟ್ಟಿಗೆಯಂಥ ಕೋಣೆಗೆ ಹೋಗಿ ನಿಲ್ಲುತ್ತದೆ. 1898ರಲ್ಲಿ ರೇಡಿಯಂ ಎಂಬ ಹೊಸ ಧಾತು ಇದೆ ಎಂದು ಮರೀ ಮತ್ತು ಪಿಯರ್ ಕ್ಯೂರಿ ಸಾರಿದರು. ಇದೆ ಎಂದರೆ ಸಾಲದು, ಕೈಯಲ್ಲಿ ಹಿಡಿದು ತೂಗಿ ತೋರಿಸಬೇಕು. ಬೊಹೀಮಿಯದ ಗಣಿಯಿಂದ ಯುರೇನಿಯಂ ತೆಗೆದುಬಿಟ್ಟ ಅದಿರಿನ ಗಸಿ ಟನ್ನುಗಟ್ಟಲೆ ಬಂತು. ಹೊಗೆಗೂಡಿಲ್ಲದ ಆ ಕೋಣೆಯಲ್ಲಿ, ಕೆಲವೊಮ್ಮೆ ಹೊರಗಿನ ಅಂಗಳದಲ್ಲಿ, ಮರೀ ಅದನ್ನು ಒಂದು ಸಲಕ್ಕೆ 20 ಕಿಲೊವರೆಗೆ ದೊಡ್ಡ ಪಾತ್ರೆಗಳಲ್ಲಿ ಕುದಿಸಿದಳು. ತನ್ನಷ್ಟೇ ಉದ್ದದ ಕಬ್ಬಿಣದ ಸಲಾಕೆಯಿಂದ ಇಡೀ ದಿನ ತಿರುವಿದ್ದನ್ನು, ಸಂಜೆಯ ಹೊತ್ತಿಗೆ ನಿಲ್ಲಲಾರದಷ್ಟು ದಣಿದದ್ದನ್ನು ಆಕೆಯೇ ಮುಂದೆ ಬರೆದುಕೊಂಡಿದ್ದಾಳೆ. ಕರಗಿಸು, ಸೋಸು, ಹರಳುಗಟ್ಟಿಸು, ಮತ್ತೆ ಕರಗಿಸು. ಪ್ರತಿ ಸುತ್ತಿಗೂ ರಾಶಿ ಚಿಕ್ಕದಾಯಿತು, ಹೊಳಪು ಹೆಚ್ಚಿತು. 1902ರಲ್ಲಿ ಕೈಯಲ್ಲಿ ಉಳಿದದ್ದು ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡ್. ರಾತ್ರಿ ಹೊತ್ತು ಅದು ಕತ್ತಲಲ್ಲಿ ತಾನೇ ಮಿನುಗುತ್ತಿತ್ತು.

ಕೊಪ್ಪರಿಗೆ, ತನ್ನಷ್ಟೆತ್ತರದ ಕೋಲು, ತಿರುವುತ್ತಿರುವ ಹೆಣ್ಣುಮಗಳು, ಬೆಳಕು. ಆಟದ ದೃಶ್ಯದಲ್ಲಿರುವ ಎಲ್ಲವೂ ಆ ಅಂಗಳದಲ್ಲಿದ್ದವು. ರಸವಿದ್ಯೆಯ ಆದಿಕಾಲದ ಮರಿಯಾಳಿಂದ ಹಿಡಿದು ಈ ಮರೀವರೆಗೆ ಹೆಸರು ಹೊಂದಿಕೊಂಡದ್ದು ಕಾಕತಾಳೀಯ. ಕೈಕೆಲಸ ಹೊಂದಿಕೊಂಡದ್ದು ಹಾಗಲ್ಲ. ರಸವಾದಿಗಳ ಕನಸೂ ಆ ಪುಟ್ಟ ಹರಳಿನಲ್ಲೇ ಇತ್ತು. ರೇಡಿಯಂ ಸುಮ್ಮನೆ ಕೂತಿರುವಾಗಲೂ ಅದರ ಪರಮಾಣುಗಳು ಒಂದೊಂದಾಗಿ ಒಡೆದು ಬೇರೆ ಧಾತುವಾಗುತ್ತಿರುತ್ತವೆ. ಒಂದು ಧಾತು ಇನ್ನೊಂದಾಗುವುದನ್ನು ಅರ್ನೆಸ್ಟ್ ರುದರ್‌ಫೋರ್ಡ್ ಮತ್ತು ಫ್ರೆಡರಿಕ್ ಸಾಡಿ ವಿಕಿರಣದ ಅಧ್ಯಯನದಲ್ಲಿ ಅದೇ ವರ್ಷಗಳಲ್ಲಿ ಕಂಡುಕೊಂಡರು. ಬೆಂಕಿಯಿಂದ ಆಗದ್ದು, ಆಮ್ಲದಿಂದ ಆಗದ್ದು, ಪರಮಾಣುವಿನ ಗರ್ಭದಲ್ಲಿ ಯಾರ ಹಂಗೂ ಇಲ್ಲದೆ ನಡೆಯುತ್ತಿತ್ತು.

ಈಗಲೂ ಕೆಲವು ರಾತ್ರಿ ಆಟ ತೆರೆಯುತ್ತೇನೆ. ರೈಜಾ ಕೋಲು ತಿರುವುವಾಗ ಬೆಳಕು ಚಿಮ್ಮುತ್ತದೆ, ಅಂಕೆ ಏರುತ್ತದೆ, ಖುಷಿಯಾಗುತ್ತದೆ. ಆ ಖುಷಿಗೆ ಈಗ ಒಂದು ತೂಕ ಬಂದಿದೆ. ಆ ಬೆಳಕಿಗಾಗಿ ಅಂಗಳದಲ್ಲಿ ವರ್ಷಗಟ್ಟಲೆ ತಿರುವಿದ ಕೈಗಳ ತೂಕ ಅದು.